ಸಂಪು ತೋಡುವ ಮುಂಚೆ: ಅಂಗಳದಡಿ ಏನಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: "ದಾವಣಗೆರೆಯ ನಿಟುವಳ್ಳಿಯಲ್ಲಿ ಒಂದು ಹಳೇ ಮನೆ ತಗೊಂಡಿದ್ದೇವೆ. 40-60 ಸೈಟು, ಕಟ್ಟಿ ಮೂವತ್ತು ವರ್ಷ ದಾಟಿದೆ, ನಾವು ಮೂರನೇ ಮಾಲೀಕರು. ಮನೆ ಮುಂದೆ ಈಶಾನ್ಯ ಮೂಲೆಯಲ್ಲಿ ಹತ್ತು ಸಾವಿರ ಲೀಟರ್ ಹಿಡಿಯುವ ಸಂಪು ತೋಡಿಸಬೇಕು ಅಂತಿದ್ದೇವೆ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದ್ದಾರೆ. ಒಳಗೆ ಏನೇನು ಹಾದುಹೋಗಿದೆ ಅಂತ ಯಾರಿಗೂ ಗೊತ್ತಿಲ್ಲ. ಕರೆಂಟು ಕಂಬದಿಂದ ನೆಲದೊಳಗೇ ಬಂದಿದೆ. ಒಂದು ಬೋರು ಇದೆ. ಈಚೆಗೆ ರಸ್ತೆಯಲ್ಲಿ ಗ್ಯಾಸ್ ಪೈಪ್ ಕೂಡ ಹಾಕಿ ಹೋಗಿದ್ದಾರೆ. ಮೇಸ್ತ್ರಿ 'ಏನೂ ಇರಲ್ಲ ಬಿಡ್ರಿ ಅಕ್ಕಾರೆ, ಮೇನ್ ಸ್ವಿಚ್ ಆಫ್ ಮಾಡ್ರಿ, ಜೆಸಿಬಿ ತಂದ್ರೆ ಅರ್ಧ ದಿನದ ಕೆಲಸ' ಅಂತಾರೆ. ಮಾವನವರು ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸೋಣ, ಪೈಪೂ ಅವರಿಗೆ ಸಿಗುತ್ತೆ ಅಂತಾರೆ. ಯಜಮಾನರು ಹೊರಗಡೆ ಕೆಲಸದಲ್ಲಿದ್ದಾರೆ, ನಾನೇ ಮುಂದೆ ನಿಂತು ಮಾಡಿಸಬೇಕು. ಅಮೆರಿಕದಲ್ಲಿ ಒಂದು ಫೋನ್ ಮಾಡಿದರೆ ಬಂದು ನೆಲದ ಮೇಲೆ ಬಣ್ಣ ಹಚ್ಚಿ ಹೋಗುತ್ತಾರಂತೆ, ವಿಡಿಯೊದಲ್ಲಿ ನೋಡಿದೆ. ನಮ್ಮಲ್ಲಿ ಯಾರನ್ನು ಕೇಳಬೇಕು?"

ಉತ್ತರ: ಮೊದಲು ಮೇನ್ ಸ್ವಿಚ್ಚಿನ ಮಾತು ಮುಗಿಸಿಬಿಡೋಣ. ಉಳಿದಿದ್ದನ್ನು ನಿಧಾನಕ್ಕೆ ಓದಿದರೂ ಆಗುತ್ತೆ, ಇದನ್ನು ಮಾತ್ರ ಇವತ್ತೇ ಮೇಸ್ತ್ರಿಗೆ ಹೇಳಿ.

ಮೇನ್ ಸ್ವಿಚ್ ಇರೋದು ಮೀಟರ್ ಆದ ಮೇಲೆ. ಅದನ್ನು ಇಳಿಸಿದರೆ ಮನೆಯೊಳಗಿನ ಕರೆಂಟು ಹೋಗುತ್ತದೆ, ಅಷ್ಟೇ. ಕಂಬದಿಂದ ಮೀಟರಿಗೆ ಬರುವ ಕೇಬಲ್ಲಿನಲ್ಲಿ ಕರೆಂಟು ಹಾಗೇ ಇರುತ್ತದೆ. ನಿಮ್ಮ ಅಂಗಳದಡಿ ಮಲಗಿರೋದು ಅದೇ ಕೇಬಲ್ಲು. ಮನೆಯ ಎಂಸಿಬಿ, ಆರ್‌ಸಿಸಿಬಿ ಅಂತ ತಪ್ಪಾದಾಗ ತಾವಾಗಿ ಕರೆಂಟು ಕಡಿಯುವ ಸ್ವಿಚ್ಚುಗಳು ಯಾವುವೂ ಅದನ್ನು ಕಾಯುವುದಿಲ್ಲ, ಅವೆಲ್ಲ ಮೀಟರಿನ ಈಚೆ ಇವೆ. ಆ ಕೇಬಲ್ಲಿಗೆ ಹಾರೆ ತಗುಲಿದರೆ ಹೋಗಬೇಕಾದ್ದು ಕಂಬದ ಅಥವಾ ಟ್ರಾನ್ಸ್‌ಫಾರ್ಮರಿನ ಫ್ಯೂಸು. ಅದು ಹತ್ತಾರು ಮನೆಯ ಲೋಡು ಹೊರುವ ಫ್ಯೂಸು, ಮನೆಯ ಎಂಸಿಬಿಯಷ್ಟು ಬೇಗ ಹೋಗುವುದಿಲ್ಲ. ಅಷ್ಟರೊಳಗೆ ಕಿಡಿ ಹಾರಿ ಕೈ, ಮುಖ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಕೇಬಲ್ಲಿನ ಕರೆಂಟು ತೆಗೆಯಬೇಕು ಅಂದರೆ ಬೆಸ್ಕಾಂ ಲೈನ್‌ಮನ್ ಕಂಬದಲ್ಲೇ ತೆಗೆಯಬೇಕು. ಇನ್ಯಾರೂ ಅದಕ್ಕೆ ಕೈ ಹಾಕಬಾರದು.

ಇನ್ನು ನಿಮ್ಮ ಚಿಂತೆಗೆ ಬರೋಣ. ಪೈಪು, ಕೇಬಲ್ ಹುಡುಕುವ ಸರ್ವೆ ಕೆಲಸದಲ್ಲಿ ನಾನು ಇಪ್ಪತ್ತು ವರ್ಷದ ಮೇಲೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಸುತ್ತಮುತ್ತ ಓಡಾಡಿದ್ದೇನೆ. ಜನ ಹೆದರುವುದು ಗ್ಯಾಸ್ ಪೈಪಿಗೆ, ಸರ್ಕಾರದ ದೊಡ್ಡ ಲೈನಿಗೆ. ಆದರೆ ಕಾಂಪೌಂಡ್ ಒಳಗೆ ನಾನು ನೋಡಿದ ಅನಾಹುತಗಳಲ್ಲಿ ಹೆಚ್ಚಿನವು ಯಾವ ಆಫೀಸಿನ ನಕ್ಷೆಯಲ್ಲೂ ಇಲ್ಲದ ಲೈನುಗಳಿಂದ ಆದದ್ದು. ಬೋರಿನ ಮೋಟರ್ ಕೇಬಲ್, ಬೋರಿಂದ ಮೇಲಿನ ಟ್ಯಾಂಕಿಗೆ ಹೋದ ಪೈಪು, ಗೇಟಿನ ದೀಪಕ್ಕೆ ಎಳೆದ ವೈರು, ಹಳೇ ಬಚ್ಚಲಿನ ಕೊಳವೆ. ಹಿಂದಿನ ಮಾಲೀಕರು ಒಂದು ಭಾನುವಾರ ಯಾರನ್ನೋ ಕರೆದು ಹಾಕಿಸಿ, ಸಂಜೆಗೆ ಮಣ್ಣು ಮುಚ್ಚಿಸಿದ್ದು. ಅದರ ನಕ್ಷೆ ಇದ್ದದ್ದು ಆ ಪ್ಲಂಬರನ ತಲೆಯಲ್ಲಿ.

ಅಮೆರಿಕದ ವಿಡಿಯೊ ಸುಳ್ಳಲ್ಲ. ಅಲ್ಲಿ 811ಕ್ಕೆ ಫೋನ್ ಮಾಡಿದರೆ ಆಯಾ ಕಂಪನಿಯವರು ಬಂದು ದುಡ್ಡಿಲ್ಲದೆ ಗುರುತು ಹಾಕಿ ಹೋಗುತ್ತಾರೆ. ಆದರೆ ಸಾಮಾನ್ಯವಾಗಿ ಅವರೂ ಮೀಟರ್ ತನಕ ಮಾತ್ರ ತೋರಿಸುತ್ತಾರೆ. ಅದರಾಚೆಯ ಸ್ವಂತ ಲೈನು ಮನೆಯವರೇ ಹುಡುಕಿಕೊಳ್ಳಬೇಕು. ನಮ್ಮಲ್ಲಿ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಅನ್ನೋ ಆ್ಯಪನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. ಅಗೆಯುವವರು ಜಾಗ ಗುರುತಿಸಿ ನಮೂದಿಸಿದರೆ, ಅಲ್ಲಿ ಲೈನು ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ರಸ್ತೆ ಅಗೆಯುವ ಕಂಟ್ರಾಕ್ಟರುಗಳಿಗೆ ಅದು ಒಳ್ಳೆಯದೇ. ಆದರೆ ಅದು ನೋಂದಾಯಿಸಿಕೊಂಡ ಸಂಸ್ಥೆಗಳ ಲೈನಿನ ಲೆಕ್ಕ. ನಿಮ್ಮ ಬೋರಿನ ವೈರು ಅಲ್ಲಿ ಸಿಗುತ್ತೆ ಅಂತ ಕಾಯಬೇಡಿ.

ಹಾಗಂತ ಆಫೀಸುಗಳಿಗೆ ಹೋಗದೆ ಇರಬೇಡಿ. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಆರ್‌ಆರ್ ನಂಬರ್ ಇರುವ ಬಿಲ್ಲು ತಗೊಂಡು ಹೋಗಿ, ಅಂಗಳ ಅಗೆಯುತ್ತಿದ್ದೇವೆ, ಯುಜಿ (ನೆಲದೊಳಗಿನ) ಕೇಬಲ್ ಇದೆ ಅಂತ ಬರೆದುಕೊಡಿ. ಎರಡು ಸಾಲು ಸಾಕು. ಅಗೆಯುವ ಹೊತ್ತಿನಲ್ಲಿ ಕಂಬದಲ್ಲಿ ಸಂಪರ್ಕ ತೆಗೆಸಿಕೊಡಿ ಅಂತಲೂ ಅದರಲ್ಲೇ ಕೇಳಿ. ಗ್ಯಾಸಿನವರದು ಬಲು ಸುಲಭ. ರಸ್ತೆ ಬದಿ ಅವರ ಗುರುತಿನ ಕಲ್ಲಿನ ಮೇಲೋ ಫಲಕದ ಮೇಲೋ ಫೋನ್ ನಂಬರ್ ಇರುತ್ತದೆ. ನೀವು ಕನೆಕ್ಷನ್ ತಗೊಂಡಿಲ್ಲ ಅಂದರೆ ಅವರ ಪೈಪು ನಿಮ್ಮ ಗೇಟಿನ ಆಚೆಯೇ ಇರಬೇಕು. ಆದರೂ ಒಂದು ಮಾತು ಕೇಳಿ ಖಾತ್ರಿ ಮಾಡಿಕೊಳ್ಳಿ. ಕೆಲವು ಕಡೆ ಮುಂದೆ ಕನೆಕ್ಷನ್ ಕೊಡಲು ಅನುಕೂಲ ಆಗಲಿ ಅಂತ ಒಂದು ತುಂಡು ಪೈಪನ್ನು ಗೇಟಿನ ಒಳಗೇ ಬಿಟ್ಟು ಮುಚ್ಚಿರುತ್ತಾರೆ.

ನೀರಿನ ವಿಷಯದಲ್ಲಿ ಕಾಗದಕ್ಕಿಂತ ಮನುಷ್ಯರನ್ನು ಹಿಡಿಯಿರಿ. 2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ಸೇರಿತಲ್ವಾ, ಆಮೇಲೆ ಊರಿನ ರಸ್ತೆಗಳು ಎಷ್ಟು ಸಲ ಬಾಯಿ ತೆರೆದವು ಅಂತ ನಿಮಗೇ ಗೊತ್ತು. ಇದರ ಜೊತೆಗೇ ಮನೆಮನೆಗೆ ನೀರು ಕೊಡುವ ಜಲಸಿರಿ ಯೋಜನೆಯ ಕರಿ ಪ್ಲಾಸ್ಟಿಕ್ ಎಚ್‌ಡಿಪಿಇ ಪೈಪು, ಮನೆ ಮುಂದೆ ಮೀಟರು ಬಂದವು. ಹಾಗಾಗಿ ಬಹಳ ಮನೆಗಳಿಗೆ ಎರಡು ನೀರಿನ ಲೈನು ಇರುತ್ತವೆ. ಒಂದು ಹೊಸದು. ಇನ್ನೊಂದು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಬಳಕೆಯಲ್ಲಿ ಇಲ್ಲ ಅಂತ ನೀವು ಅಂದುಕೊಂಡದ್ದು. ಹಳೇ ಮೇನ್ ಲೈನಿನಲ್ಲಿ ಇನ್ನೂ ನೀರು ಬಿಡುತ್ತಿದ್ದರೆ ಅದರಲ್ಲೂ ನೀರು ಇರುತ್ತದೆ. ನಿಮ್ಮ ವಾರ್ಡಿಗೆ ನೀರು ಬಿಡುವ ವಾಲ್ವ್‌ಮನ್ ಯಾರು ಅಂತ ವಿಚಾರಿಸಿ, ಒಂದು ಲೋಟ ಟೀ ಕೊಟ್ಟು ಅಂಗಳದಲ್ಲಿ ನಿಲ್ಲಿಸಿ. ಹದಿನೈದು ವರ್ಷ ಒಂದೇ ಏರಿಯಾದಲ್ಲಿ ಇದ್ದವರು "ಇಲ್ಲಿ ಟೀ ಜಾಯಿಂಟ್ ಹಾಕಿದ್ವಿ, ಅಲ್ಲಿ ಬೆಂಡು" ಅಂತ ಕಾಲಲ್ಲೇ ಗೆರೆ ಎಳೆದು ತೋರಿಸಿಬಿಡುತ್ತಾರೆ. ಪಕ್ಕದ ಮನೆಯ ಹಿರಿಯರನ್ನೂ ಕೇಳಿ. ಆ ಮನೆ ಕಟ್ಟುವಾಗ ಎದುರು ಕಟ್ಟೆ ಮೇಲೆ ಕೂತು ನೋಡಿದವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಈಗ ತೆಂಗಿನಕಾಯಿ. ಮಾವನವರ ಮನಸ್ಸು ನೋಯಿಸುವ ಮಾತಲ್ಲ. ಬೋರಿನ ಪಾಯಿಂಟಿಗೆ ಅವರನ್ನು ಕರೆಸುವುದು ಬಿಡುವುದು ನಿಮ್ಮ ನಂಬಿಕೆ. ಆದರೆ ಕಾಯಿ, ಬೇವಿನ ಕಡ್ಡಿ, ಬಗ್ಗಿಸಿದ ತಂತಿ ಇವುಗಳಿಂದ ನೆಲದೊಳಗಿನ ಪೈಪು ಹುಡುಕಬಹುದಾ ಅಂತ ಬೇರೆ ಬೇರೆ ದೇಶಗಳಲ್ಲಿ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಂದಾಜಿಗೆ ಬೊಟ್ಟು ಮಾಡಿದರೆ ಎಷ್ಟು ಸರಿ ಬರುತ್ತೋ ಅಷ್ಟೇ ಬಂದಿದೆ. ಬಯಲಲ್ಲಿ ಅವರು ಗೆಲ್ಲುವುದಕ್ಕೆ ಬೇರೆ ಕಾರಣ ಇದೆ. ಗೇಟು ಎಲ್ಲಿದೆ, ನಲ್ಲಿ ಎಲ್ಲಿದೆ, ನೆಲ ಎಲ್ಲಿ ಕುಸಿದಿದೆ ಅಂತ ಅವರ ಕಣ್ಣು ನೋಡಿರುತ್ತದೆ. ಆ ಕೆಲಸವನ್ನು ನೀವೂ ಮಾಡಬಹುದು, ಕಾಯಿ ಬೇಡ.

ಮಾವನವರಿಗೆ ಇನ್ನೊಂದು ಮಾತು ಹೇಳಿ. ವಾಸ್ತುವಿಗೆ ನನ್ನ ಕೆಲಸದಲ್ಲಿ ನಾನು ಬಹಳ ಬೆಲೆ ಕೊಡುತ್ತೇನೆ, ಆದರೆ ಕಾರಣ ಬೇರೆ. ನೀವು ಈಶಾನ್ಯದಲ್ಲೇ ಸಂಪು ಬೇಕು ಅಂತೀರಿ. ನಿಮಗಿಂತ ಮುಂಚೆ ಇದ್ದ ಇಬ್ಬರು ಮಾಲೀಕರೂ ಹಾಗೇ ಅಂದಿರುತ್ತಾರೆ! ಬೋರು ಅಲ್ಲೇ, ನಲ್ಲಿ ಅಲ್ಲೇ, ಹಳೇ ಸಣ್ಣ ತೊಟ್ಟಿ ಇದ್ದರೆ ಅದೂ ಅಲ್ಲೇ. ಪಾಯಿಖಾನೆ ಗುಂಡಿ ವಾಯವ್ಯದಲ್ಲಿ. ಅಡುಗೆಮನೆ, ಎಷ್ಟೋ ಕಡೆ ಮೀಟರ್ ಬೋರ್ಡು ಕೂಡ, ಆಗ್ನೇಯದಲ್ಲಿ. ನಕ್ಷೆ ಇಲ್ಲದ ಮನೆಯಲ್ಲಿ ವಾಸ್ತುವೇ ಅರ್ಧ ನಕ್ಷೆ. ಅಂದರೆ ನೀವು ಅಗೆಯಬೇಕು ಅಂತಿರುವ ಮೂಲೆಯೇ ನಿಮ್ಮ ಅಂಗಳದಲ್ಲಿ ಅತಿ ಹೆಚ್ಚು ಪೈಪು ತುಂಬಿರುವ ಮೂಲೆ ಅಂತ ಇಟ್ಟುಕೊಂಡೇ ಶುರು ಮಾಡಿ.

ಒಂದು ಬೆಳಿಗ್ಗೆ ಟೇಪು, ಸುಣ್ಣದ ಪುಡಿ, ಒಂದು ಹಾಳೆ ಹಿಡಿದುಕೊಂಡು ಅಂಗಳಕ್ಕೆ ಇಳಿಯಿರಿ. ನೆಲದೊಳಗೆ ಹೋಗುವ ಪ್ರತಿ ಲೈನಿಗೂ ಎರಡು ತುದಿ ಇರುತ್ತವೆ, ಸಾಮಾನ್ಯವಾಗಿ ಒಂದಾದರೂ ಎಲ್ಲೋ ಒಂದು ಕಡೆ ನೆಲದಿಂದ ಮೇಲೆ ಬಂದಿರುತ್ತದೆ. ಕಂಬದ ಬುಡದಲ್ಲಿ ಕೇಬಲ್ ಇಳಿದ ಪೈಪು ಯಾವ ದಿಕ್ಕಿಗೆ ಬಾಗಿದೆ ನೋಡಿ. ಮೀಟರ್ ಬೋರ್ಡಿನ ಕೆಳಗೆ ಗೋಡೆಯಿಂದ ಅದು ಎಲ್ಲಿ ಹೊರಬಿದ್ದಿದೆ ನೋಡಿ. ಎರಡಕ್ಕೂ ಸುಣ್ಣ ಹಾಕಿ. ಬೋರಿನ ಬಾಯಿಗೊಂದು, ಸ್ಟಾರ್ಟರ್ ಇರುವ ಗೋಡೆಗೊಂದು. ಸಿಮೆಂಟ್ ನೆಲದಲ್ಲಿ ಉದ್ದಕ್ಕೆ ಒಂದು ಬಿರುಕು, ಒಂದು ತೇಪೆ, ಬಣ್ಣ ಬೇರೆಯಾದ ಪಟ್ಟಿ ಕಂಡರೆ ಅದನ್ನೂ ಗುರುತು ಮಾಡಿ. ಬೆಳಗಿನ ಎಳೆ ಬಿಸಿಲು ಅಡ್ಡ ಬೀಳುವಾಗ ಇವೆಲ್ಲ ಚೆನ್ನಾಗಿ ಕಾಣುತ್ತವೆ, ನಡು ಮಧ್ಯಾಹ್ನ ಏನೂ ಕಾಣುವುದಿಲ್ಲ.

ಒಳಚರಂಡಿಯದು ಇದ್ದುದರಲ್ಲಿ ನಿಯತ್ತಿನ ಲೈನು. ಅದು ಇಳಿಜಾರಿನಲ್ಲೇ ಹೋಗಬೇಕು, ಛೇಂಬರಿನಿಂದ ಛೇಂಬರಿಗೆ ನೇರ ಹೋಗಬೇಕು. ಎರಡೂ ಛೇಂಬರಿನ ಮುಚ್ಚಳ ಎತ್ತಿಸಿ. ಒಂದು ಕೋಲು ಇಳಿಸಿ ಪೈಪಿನ ತಳ ನೆಲದಿಂದ ಎಷ್ಟು ಕೆಳಗಿದೆ ಅಂತ ಎರಡು ಕಡೆಯೂ ಅಳೆಯಿರಿ. ಒಂದು ಕಡೆ ಒಂದೂವರೆ ಅಡಿ, ಇನ್ನೊಂದು ಕಡೆ ಎರಡು ಅಡಿ ಬಂತು ಅನ್ನಿ. ಛೇಂಬರ್ ನಡುವೆ ಹುರಿ ಕಟ್ಟಿದರೆ ಪೈಪಿನ ದಾರಿ ಸಿಕ್ಕಿತು, ನಡುವಿನಲ್ಲಿ ಅದು ಸುಮಾರು ಒಂದೂಮುಕ್ಕಾಲು ಅಡಿ ಆಳ ಅಂತಲೂ ಸಿಕ್ಕಿತು. ಮೇಲಿನ ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿಸಿ, ಯಾವ ಛೇಂಬರಿಗೆ ಬಂತು ನೋಡಿ. ಬರಲೇ ಇಲ್ಲ ಅಂದರೆ ನಿಮಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ಸಿಮೆಂಟಿನ ಅಡಿ ಮುಚ್ಚಿಹೋದ ಛೇಂಬರೂ ಇರಬಹುದು.

ಕೇಬಲ್ಲಿಗೆ ಈ ನಿಯತ್ತು ಇಲ್ಲ. ಚಿತ್ರದುರ್ಗದಲ್ಲಿ ಒಂದು ಕಟ್ಟಡದ ಕೆಲಸ. ನಾನು ಆಗ ಹೊಸಬ. ಕಂಬಕ್ಕೂ ಮೀಟರಿಗೂ ಹುರಿ ಎಳೆದು, ಕೇಬಲ್ ಇಲ್ಲಿದೆ, ಅಲ್ಲಿಂದ ಆರು ಅಡಿ ಬಿಟ್ಟು ಅಗೆಯಿರಿ ಅಂತ ಹೇಳಿದೆ. ಆರನೇ ಅಡಿಯಲ್ಲೇ ಜೆಸಿಬಿ ಹಲ್ಲು ಕೇಬಲ್ಲಿಗೆ ಕೂತಿತು. ಆ ಕೇಬಲ್ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗಿತ್ತು. ಯಾಕೆ ಅಂತ ಆಮೇಲೆ ಅಲ್ಲಿನ ಹಳೇ ಕಾವಲುಗಾರರು ಹೇಳಿದರು. ಕೇಬಲ್ ಹಾಕುವಾಗ ಅಲ್ಲೊಂದು ದೊಡ್ಡ ಹುಣಸೆಮರ ಇತ್ತಂತೆ, ಬೇರು ಕಡಿಯಲು ಸೋಮಾರಿತನ, ಸುತ್ತು ಹಾಕಿಕೊಂಡು ಹೋಗಿದ್ದರು. ನಾನು ಹೋಗುವ ಹೊತ್ತಿಗೆ ಮರ ಇರಲಿಲ್ಲ, ಸುತ್ತು ಮಾತ್ರ ಇತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವತ್ತಿನಿಂದ ಎರಡು ತುದಿ ನೋಡಿ ನಡುವಿನ ದಾರಿ ಹೇಳುವುದನ್ನು ಬಿಟ್ಟಿದ್ದೇನೆ.

ಆಳದ ಮಾತೂ ಅಷ್ಟೇ. "ಕೇಬಲ್ ಮೂರಡಿ ಕೆಳಗಿರುತ್ತೆ, ಎರಡಡಿ ತನಕ ಧೈರ್ಯವಾಗಿ ಅಗೀರಿ" ಅನ್ನುವವರು ಬಹಳ. ಪುಸ್ತಕದಲ್ಲಿ ಹೆಚ್ಚುಕಮ್ಮಿ ಹಾಗೇ ಇದೆ. ಕೇಬಲ್ ಹಾಕುವುದಕ್ಕೆ ಇರುವ ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಮನೆಗೆ ಬರುವಂಥ ಕಡಿಮೆ ವೋಲ್ಟೇಜಿನ ಎಲ್‌ಟಿ ಕೇಬಲ್ 75 ಸೆಂ.ಮೀ., 11 ಕೆವಿ ಕೇಬಲ್ 90 ಸೆಂ.ಮೀ. ಆಳದಲ್ಲಿ ಇರಬೇಕು. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮೇನ್ ಲೈನಿನಲ್ಲಿ ಸಾಮಾನ್ಯವಾಗಿ ಪಾಲಿಸುತ್ತಾರೆ. ಮನೆ ಅಂಗಳದಲ್ಲಿ ಅಳತೆ ಹಿಡಿದು ನೋಡಿದವರು ಯಾರು? ಚಿತ್ರದುರ್ಗದ ಕಡೆ ಒಂದೂವರೆ ಅಡಿಗೇ ಬಂಡೆ ಸಿಗುತ್ತದೆ, ಅಲ್ಲೇ ಮಲಗಿಸಿ ಮೇಲೆ ಒಂದು ಬಾಂಡ್ಲಿ ಕಾಂಕ್ರೀಟ್ ಸುರಿದಿರುತ್ತಾರೆ. ದಾವಣಗೆರೆಯಲ್ಲಿ ಬಂಡೆಯ ಕಾಟ ಇಲ್ಲದ ಕಡೆಯೂ ನೆಲ ಏರಿಳಿದಿರುತ್ತದೆ. ಮೊದಲ ಮಾಲೀಕರು ಅಂಗಳ ಎತ್ತರಿಸಿದ್ದರೆ ಎರಡೂವರೆ ಅಡಿಯ ಕೇಬಲ್ ನಾಲ್ಕು ಅಡಿಗೆ ಹೋಗಿರುತ್ತದೆ, ತಗ್ಗಿಸಿದ್ದರೆ ಒಂದಡಿಗೆ ಬಂದಿರುತ್ತದೆ. ಬೋರಿನ ಮೋಟರ್ ಕೇಬಲ್ಲನ್ನಂತೂ ನಾನು ಸಿಮೆಂಟ್ ನೆಲದ ಬೆನ್ನಿಗೇ ಅಂಟಿಕೊಂಡಂತೆ, ಅರ್ಧ ಅಡಿಯಲ್ಲಿ, ಪೈಪೂ ಇಲ್ಲದೆ ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ನೆಲ ಒಡೆಯುವ ಬ್ರೇಕರಿನ ಮೊದಲ ಏಟೇ ಅದಕ್ಕೆ ಬೀಳುತ್ತದೆ. ಅದಕ್ಕೇ ಅಗೆಯುವ ದಿನ ಬೋರಿನ ಸ್ಟಾರ್ಟರಿಗೆ ಬರುವ ಕರೆಂಟನ್ನೂ ತೆಗೆದು, ಫ್ಯೂಸ್ ಇದ್ದರೆ ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಷ್ಟಕ್ಕೆ ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ.

ಮೆಷಿನ್ ತರಿಸಿದರೆ ಎಲ್ಲ ಗೊತ್ತಾಗಲ್ವಾ ಅಂತ ಕೇಳುತ್ತೀರಿ. ಗೊತ್ತಾಗುತ್ತೆ, ಎಲ್ಲ ಅಲ್ಲ. ಕೇಬಲ್ ಲೊಕೇಟರ್ ಅನ್ನುವುದು ಕೇಬಲ್ಲಿನ ಸುತ್ತ ಹುಟ್ಟುವ ಅಯಸ್ಕಾಂತದ ಅಲೆಯನ್ನು ಕೇಳುವ ಉಪಕರಣ. ಕರೆಂಟು ಹರಿಯುತ್ತಿದ್ದರೆ ಅದರ 50 ಹರ್ಟ್ಸ್ ಗುಂಯ್ ಅನ್ನುವ ದನಿ ಸಿಗುತ್ತದೆ. ಆದ್ದರಿಂದ ನಾವು ಮನೆಯವರಿಗೆ ಗೀಸರ್ ಹಾಕಿ ಅನ್ನುತ್ತೇವೆ. ಆದರೂ ಒಂದೇ ಕೇಬಲ್ಲಿನಲ್ಲಿ ಹೋಗುವ, ಬರುವ ವೈರುಗಳು ಒಂದರ ಅಲೆಯನ್ನು ಇನ್ನೊಂದು ಕೊಲ್ಲುತ್ತವೆ, ದನಿ ತೆಳುವಾಗುತ್ತದೆ. ಅದಕ್ಕೆ ಒಳ್ಳೆಯ ದಾರಿ ಎಂದರೆ ಕೇಬಲ್ಲಿಗೆ ಹೊರಗಿನಿಂದ ಕ್ಲಾಂಪ್ ಹಾಕಿ ನಮ್ಮದೇ ಸಿಗ್ನಲ್ ಕಳಿಸಿ, ಅದರ ಬೆನ್ನು ಹಿಡಿದು ಹೋಗುವುದು. ಮೀಟರಿನಿಂದ ಕಂಬದ ತನಕ ಹೀಗೆ ಗೆರೆ ಎಳೆಯಬಹುದು. ನುರಿತವರ ಕೈಯಲ್ಲಿ ಒಂದು ಅಡಿಯ ಆಚೀಚೆ ಸಿಗುತ್ತದೆ. ಪರದೆ ಮೇಲೆ ಬರುವ ಆಳವನ್ನು ಮಾತ್ರ ಅಂದಾಜು ಅಂತಲೇ ತಿಳಿಯಿರಿ. ಬೆಂಡ್ ಹತ್ತಿರ, ಪಕ್ಕದಲ್ಲಿ ಇನ್ನೊಂದು ಲೈನು ಇರುವ ಕಡೆ ಅದು ಸುಳ್ಳು ಹೇಳುತ್ತದೆ.

ಪಿವಿಸಿ, ಎಚ್‌ಡಿಪಿಇ ಪೈಪು ಲೊಕೇಟರಿಗೆ ಕಾಣುವುದೇ ಇಲ್ಲ. ಪ್ಲಾಸ್ಟಿಕ್ಕಿನಲ್ಲಿ ಏನೂ ಹರಿಯುವುದಿಲ್ಲವಲ್ಲ. ಪೈಪಿನ ಒಂದು ಬಾಯಿ ತೆರೆದಿದ್ದರೆ ಒಳಗೆ ತಂತಿ ಇರುವ ಕೋಲು ತೂರಿಸಿ ಅದನ್ನು ಹಿಂಬಾಲಿಸಬಹುದು. ಇನ್ನು ಜಿಪಿಆರ್ ಅಂತ ತಳ್ಳುಗಾಡಿಯ ಹಾಗಿರುವ ರೇಡಾರು. ನೆಲದೊಳಗೆ ಅಲೆ ಕಳಿಸಿ, ಪೈಪಿಗೆ ಬಡಿದು ವಾಪಸು ಬಂದದ್ದನ್ನು ಚಿತ್ರ ಮಾಡುತ್ತದೆ. ಪ್ಲಾಸ್ಟಿಕ್ಕನ್ನೂ ಹಿಡಿಯಬಲ್ಲದು. ಆದರೆ ನಮ್ಮ ಕರಿ ಎರೆ ಮಣ್ಣು ಆ ಅಲೆಯನ್ನು ನುಂಗಿಬಿಡುತ್ತದೆ. ಒದ್ದೆ ಇದ್ದರೆ ಮುಗಿದೇ ಹೋಯಿತು, ಎರಡಡಿ ಕೆಳಗೆ ಬರೀ ಮಸುಕು. ಕೆಂಪು ಮಣ್ಣಿನಲ್ಲಿ, ಗರಸಿನಲ್ಲಿ, ಬೇಸಿಗೆಯಲ್ಲಿ ಚೆನ್ನಾಗಿ ಕಾಣುತ್ತದೆ. ನಿಮ್ಮ ಅಂಗಳ ಎರೆ ಮಣ್ಣಾಗಿದ್ದರೆ ಜಿಪಿಆರಿಗೆ ದುಡ್ಡು ಸುರಿಯಬೇಡಿ. ಇದನ್ನು ನನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿಯೇ ಹೇಳುತ್ತಿದ್ದೇನೆ. ಸಾಧ್ಯವಾದರೆ ಕ್ಲಾಂಪ್ ಇರುವ ಕೇಬಲ್ ಲೊಕೇಟರ್ ಒಂದನ್ನು ಎರಡು ಗಂಟೆಗೆ ಕರೆಸಿ, ಸಾಕು.

ಇಷ್ಟೆಲ್ಲ ಆದ ಮೇಲೂ ಲೈನು ಇಂಥ ಕಡೆ ಇದೆ ಅಂತ ಖಾತ್ರಿಯಾಗಿ ತಿಳಿಯುವ ದಾರಿ ಒಂದೇ. ಕೈಯಲ್ಲಿ ಅಗೆದು ಕಣ್ಣಲ್ಲಿ ನೋಡುವುದು.

ಹತ್ತು ಸಾವಿರ ಲೀಟರ್ ಸಂಪು ಅಂದರೆ ಒಳಗಿನ ಅಳತೆ ಸುಮಾರು 8 ಅಡಿ, 8 ಅಡಿ, ಆಳ 6 ಅಡಿ. ಗೋಡೆ, ತಳ ಎಲ್ಲ ಸೇರಿ ಅಗೆತ 10 ಅಡಿ ಚೌಕ, ಏಳೂವರೆ ಅಡಿ ಆಳ ಆಗುತ್ತದೆ. ಆ ಚೌಕವನ್ನು ಸುಣ್ಣದಲ್ಲಿ ಹಾಕಿ. ಅದರ ನಾಲ್ಕೂ ಅಂಚಿನಲ್ಲಿ, ಒಂದಡಿ ಅಗಲ, ಮೂರರಿಂದ ನಾಲ್ಕು ಅಡಿ ಆಳದ ಕಾಲುವೆ ಕೈಯಲ್ಲೇ ತೋಡಿಸಿ. ಚೌಕದೊಳಗೆ ಬರುವ ಯಾವ ಲೈನೇ ಆದರೂ ಒಂದು ಅಂಚನ್ನು ದಾಟಲೇಬೇಕು, ಅಷ್ಟು ಆಳದೊಳಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಸಿಮೆಂಟನ್ನು ಕಟ್ಟರಿನಲ್ಲಿ ಎರಡು ಇಂಚು ಮಾತ್ರ ಕತ್ತರಿಸಿ, ತುಂಡು ತುಂಡಾಗಿ ಎತ್ತಿಸಿ. ಸಲಿಕೆ, ಗುದ್ದಲಿ ಇರಲಿ, ಮರದ ಹಿಡಿಯದು. ಗುದ್ದಲಿಯನ್ನು ಎತ್ತಿ ಹೊಡೆಯದೆ ಬದಿಯಿಂದ ಕೆರೆಯಬೇಕು. ಹಾರೆ, ಪಿಕಾಸಿಗಳನ್ನು ಅವತ್ತು ಮನೆಯೊಳಗೆ ಬೀಗ ಹಾಕಿ ಇಡಿ. ತಮಾಷೆ ಅಲ್ಲ, ಕೈಗೆ ಸಿಕ್ಕರೆ ಗಟ್ಟಿ ಮಣ್ಣು ಬಂದ ಕೂಡಲೇ ಎತ್ತಿಕೊಳ್ಳುತ್ತಾರೆ. ಹಿಂದಿನ ಸಂಜೆ ನೀರು ಕಟ್ಟಿ ನೆನೆಸಿದರೆ ಮಣ್ಣು ಮೆತ್ತಗಾಗುತ್ತದೆ, ಆದರೆ ಕೆಸರಾಗುವಷ್ಟು ಬೇಡ.

ನೀವು ಗುಂಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಮಣ್ಣನ್ನು ನೋಡುತ್ತಿರಿ. ಕರಿ ಮಣ್ಣು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಮರಳಾಯಿತು ಅಂದರೆ ಕೆಲಸ ನಿಲ್ಲಿಸಿ. ಎರೆ ನೆಲದಲ್ಲಿ ಮರಳು ತಾನಾಗಿ ಬರುವುದಿಲ್ಲ, ಯಾರೋ ತಂದು ಹಾಕಿದ್ದಾರೆ. ಅದರ ಕೆಳಗೆ ಕೇಬಲ್ಲೋ ಪೈಪೋ ಇದೆ. ಅಡ್ಡಡ್ಡ ಮಲಗಿಸಿದ ಇಟ್ಟಿಗೆ ಸಾಲು ಕಂಡರೂ ಅದೇ ಅರ್ಥ. ಹಳದಿ ಅಥವಾ ಕೆಂಪು ಪ್ಲಾಸ್ಟಿಕ್ ಪಟ್ಟಿ ಕಂಡರೂ ಅದೇ. ಗ್ಯಾಸಿನವರು ಪೈಪಿನ ಮೇಲೆ ಹೀಗೆ ಪಟ್ಟಿ ಹಾಸಿರುತ್ತಾರೆ. ಮಣ್ಣು ಕಲಸಿದಂತಿದ್ದು ಅದರಲ್ಲಿ ಗಾರೆ ಚೂರು, ಇದ್ದಿಲು, ಹಳೇ ಪ್ಲಾಸ್ಟಿಕ್ ಕವರ್ ಬಂದರೆ ಅದು ಹಿಂದೆ ಅಗೆದು ಮುಚ್ಚಿದ ಜಾಗ. ಬರೀ ಇದ್ದಿಲು, ಉಪ್ಪಿನ ಗುರುತು ಕಂಡರೆ ಅರ್ಥಿಂಗ್ ಗುಂಡಿ. ಅದರ ತಂತಿ ಕಡಿದರೆ ಶಬ್ದವೂ ಇಲ್ಲ, ಕಿಡಿಯೂ ಇಲ್ಲ, ಮನೆಯಲ್ಲಿ ದೀಪ ಎಂದಿನಂತೆ ಉರಿಯುತ್ತದೆ. ಅರ್ಥಿಂಗ್ ಮಾತ್ರ ಇರುವುದಿಲ್ಲ. ಗೀಸರ್ ಮುಟ್ಟಿ ಶಾಕ್ ಹೊಡೆದಾಗಲೇ ಗೊತ್ತಾಗೋದು. ಹಾಗಾಗಿ ಕೆಲಸ ಮುಗಿದ ಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಅರ್ಥಿಂಗ್ ಅಳೆಸಿಬಿಡಿ.

ನಿಟುವಳ್ಳಿ ಅಂದಿದ್ದಕ್ಕೆ ಇನ್ನೊಂದು ಎಚ್ಚರ. ನಿಟುವಳ್ಳಿ, ಶಾಮನೂರು, ಆವರಗೆರೆಯಂಥವು ಹಳೇ ಹಳ್ಳಿಗಳು, ಪೇಟೆ ಬೆಳೆದು ಅವನ್ನು ಒಳಗೆ ಹಾಕಿಕೊಂಡಿತು. ಈ ಸೀಮೆಯ ಹಳ್ಳಿಗಳಲ್ಲಿ ಜೋಳ, ರಾಗಿ ಇಡುತ್ತಿದ್ದ ಹಗೇವು ನೆಲದೊಳಗೇ ಇರುತ್ತಿದ್ದವು. ಬಾಯಿ ಕಿರಿದು, ಹೊಟ್ಟೆ ಅಗಲ. ಕಲ್ಲು ಮುಚ್ಚಿ ಮಣ್ಣು ಹಾಕಿದರೆ ಮೇಲೆ ಏನೂ ಗೊತ್ತಾಗುವುದಿಲ್ಲ. ಯುಜಿಡಿ (ಊರಿನ ಒಳಚರಂಡಿ) ಬರುವ ಮುಂಚಿನ ಪಾಯಿಖಾನೆ ಗುಂಡಿಗಳೂ ಹಾಗೇ, ಕಡಪ ಕಲ್ಲು ಹಾಸಿ ಮರೆತುಬಿಟ್ಟಿರುತ್ತಾರೆ. ಜೆಸಿಬಿ ಚಕ್ರ ಅದರ ಮೇಲೆ ನಿಂತರೆ ಕುಸಿಯುತ್ತದೆ. ಸಲಿಕೆ ತಾಗಿದಾಗ ಟೊಳ್ಳು ಸದ್ದು ಬಂದರೆ, ಕಲ್ಲಿನ ಸಂದಿಯಿಂದ ಬಿಸಿ ಗಾಳಿಯೋ ವಾಸನೆಯೋ ಬಂದರೆ, ಎಲ್ಲರೂ ದೂರ ಸರಿಯಿರಿ. ಒಳಗೆ ಬಿದ್ದ ಸಲಿಕೆ ತರಲು ಸಹ ಯಾರೂ ಇಳಿಯಬಾರದು. ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ನಮ್ಮ ಹಿರಿಯರು ಮೊದಲು ದೀಪ ಇಳಿಸಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಪಾಯಿಖಾನೆ ಗುಂಡಿಗೆ ದೀಪ ಹಿಡಿಯಲೇಬೇಡಿ, ಅಲ್ಲಿ ಹೊತ್ತಿಕೊಳ್ಳುವ ಗ್ಯಾಸ್ ಇರುತ್ತದೆ, ಜೊತೆಗೆ ಒಂದೆರಡು ಉಸಿರಿಗೇ ಎಚ್ಚರ ತಪ್ಪಿಸುವ ವಿಷಗಾಳಿ. ಬಾಯಿ ತೆರೆದು ಬಿಟ್ಟು, ಸುತ್ತ ಅಡ್ಡ ಕಟ್ಟಿ, ಸಕ್ಕಿಂಗ್ ಯಂತ್ರದವರನ್ನು ಕರೆಸಿ ಖಾಲಿ ಮಾಡಿಸಿ, ಮೇಲಿನಿಂದಲೇ ಮುಚ್ಚಿಸಿ.

ಈಗ ಕಾಲುವೆಯಲ್ಲಿ ಕೇಬಲ್ ಸಿಕ್ಕಿತು ಅನ್ನಿ. ಮುಂದೇನು? ಮೇಸ್ತ್ರಿ "ಸ್ವಲ್ಪ ಎತ್ತಿ ಪಕ್ಕಕ್ಕೆ ಸರಿಸೋಣ" ಅಂತಾರೆ. ಬೇಡ. ಮೂವತ್ತು ವರ್ಷದ ಆರ್ಮರ್ಡ್ (ಲೋಹದ ಕವಚದ) ಕೇಬಲ್ ಬಗ್ಗಿಸಿದರೆ ಒಳಗಿನ ಇನ್ಸುಲೇಷನ್ ಬಿರಿಯುತ್ತದೆ. ಅವತ್ತು ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ನೀರು ಇಳಿದು ಒಂದು ರಾತ್ರಿ ಢಂ ಅನ್ನುತ್ತದೆ. ಬೆಸ್ಕಾಂಗೆ ಅರ್ಜಿ ಕೊಟ್ಟು ಹೊಸ ಕೇಬಲ್ ಬೇರೆ ದಾರಿಯಲ್ಲಿ ಹಾಕಿಸುವುದು ಒಂದು ದಾರಿ. ಖರ್ಚು ನಿಮ್ಮದು, ದಿನ ಹಿಡಿಯುತ್ತದೆ, ಆದರೆ ಹಳೇ ಕೇಬಲ್ ಹೋಗಿ ಹೊಸದು ಬರುತ್ತದೆ. ಮೂವತ್ತು ವರ್ಷದ ಮನೆಗೆ ಅದೇನು ನಷ್ಟ ಅಲ್ಲ. ಸಂಪಿನ ಗೋಡೆಯ ಪಕ್ಕದಲ್ಲೇ ಕೇಬಲ್ ಹಾಗೇ ಬಿಟ್ಟು ಕಟ್ಟುವುದು ಇನ್ನೊಂದು. ಅದು ನನಗೆ ಇಷ್ಟವಿಲ್ಲ. ನೀರಿನ ತೊಟ್ಟಿಗೂ ಕರೆಂಟಿಗೂ ನಡುವೆ ಕನಿಷ್ಠ ಮೂರು ಅಡಿ ಮಣ್ಣು ಇರಲಿ. ಸಂಪೇ ಬೇಡ, ನೆಲದ ಮೇಲೆ ಎರಡು ಸಿಂಟೆಕ್ಸ್ ಟ್ಯಾಂಕ್ ಇಡುತ್ತೇನೆ ಅಂದರೆ ಅಗೆತದ ತಲೆನೋವೇ ಇಲ್ಲ. ಆದರೆ ನಲ್ಲಿ ನೀರಿನ ಒತ್ತಡ ಅಷ್ಟು ಎತ್ತರಕ್ಕೆ ಏರುತ್ತಾ ಅಂತ ಮೊದಲು ಒಂದು ಪೈಪ್ ಹಿಡಿದು ನೋಡಿ.

ನೀರಿನ ಪೈಪು ಒಡೆದರೆ ಗಾಬರಿ ಬೇಡ, ಮೀಟರಿನ ಹತ್ತಿರದ ವಾಲ್ವ್ ಎಲ್ಲಿದೆ, ಅದು ತಿರುಗುತ್ತಾ ಅಂತ ಅಗೆಯುವ ಮುಂಚೆಯೇ ನೋಡಿಕೊಂಡಿರಿ. ಬಹಳ ಮನೆಗಳಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಗ್ಯಾಸ್ ಪೈಪಿಗೆ ಏಟು ಬಿದ್ದು ಬುಸ್ ಅನ್ನುವ ಸದ್ದು ಬಂದರೆ ಮಣ್ಣು ಮುಚ್ಚಲು ಹೋಗಬೇಡಿ, ಮುಚ್ಚಿದರೆ ಗ್ಯಾಸ್ ನೆಲದೊಳಗೇ ಹರಿದು ಯಾರ ಮನೆಯೊಳಗೋ ಎದ್ದು ಬರುತ್ತದೆ. ಜೆಸಿಬಿ ಎಂಜಿನ್ ನಿಲ್ಲಿಸಿ, ಸ್ವಿಚ್ ಮುಟ್ಟಬೇಡಿ, ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಹೋಗಿ ಅಲ್ಲಿಂದ ಫೋನ್ ಮಾಡಿ. ಕೇಬಲ್ಲಿಗೆ ಜೆಸಿಬಿ ತಗುಲಿದರೆ ಡ್ರೈವರ್ ಸೀಟಿನಲ್ಲೇ ಕೂತಿರಬೇಕು, ಕೆಳಗಿನವರು ಯಂತ್ರ ಮುಟ್ಟಬಾರದು. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಕರೆಂಟು ತೆಗೆದ ಮೇಲೆ ಇಳಿಯಲಿ. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಜಿಗಿಯಬೇಕು, ಕಾಲು ಎತ್ತದೆ ಸಣ್ಣ ಸಣ್ಣದಾಗಿ ಎಳೆದುಕೊಂಡು ದೂರ ಹೋಗಬೇಕು.

ಕಾಲುವೆಯಲ್ಲಿ ಏನು ಸಿಕ್ಕಿದರೂ ಪಕ್ಕಕ್ಕೆ ಟೇಪು ಹಿಡಿದು, ಗೋಡೆ ಮೂಲೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಕಾಣುವ ಹಾಗೆ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ನಾಲ್ಕು ಕಾಲುವೆಗೆ ಇಬ್ಬರು ಆಳು, ಎರಡು ದಿನ ಬೇಕಾಗಬಹುದು. ಅದು ಮುಗಿದು, ಚೌಕದೊಳಗೆ ಏನೂ ಇಲ್ಲ ಅಂತ ಕಂಡ ಮೇಲೆ ಜೆಸಿಬಿ ಬರಲಿ, ಮೇಸ್ತ್ರಿ ಹೇಳಿದ ಅರ್ಧ ದಿನದಲ್ಲಿ ಆಗಿಹೋಗುತ್ತದೆ. ಐದಡಿಗಿಂತ ಆಳಕ್ಕೆ ಹೋದ ಗುಂಡಿಯಲ್ಲಿ ಬದಿಗೆ ಹಲಗೆ ಕೊಡದೆ ಯಾರನ್ನೂ ಇಳಿಸಬೇಡಿ, ಎರೆ ಮಣ್ಣು ಹೇಳದೆ ಕೇಳದೆ ಜಾರುತ್ತದೆ.

ಚೌಕದ ಅಂಚಿನಲ್ಲೇ ಲೈನು ಸಿಕ್ಕರೆ ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಲೈನು ಬಿಟ್ಟು ಸಂಪನ್ನೇ ಸರಿಸುತ್ತಿದ್ದೆ. 40-60 ಸೈಟಿನಲ್ಲಿ ಮೂರ್ನಾಲ್ಕು ಅಡಿ ಆಚೆ ಹೋದರೂ ಅದು ಈಶಾನ್ಯವೇ ಆಗಿರುತ್ತದೆ. ಮಾವನವರಿಗೆ ಟೇಪು ಹಿಡಿದು ತೋರಿಸಿ, ಒಪ್ಪುತ್ತಾರೆ.